ಗೇಟ್ ಹತ್ತಿರ ಇದ್ದೇನೆ. ಯಾವ ಗೇಟು?

“ಅಕ್ಕ, ಗೇಟ್ ಹತ್ತಿರ ಇದ್ದೇನೆ.”

“ಯಾವ ಗೇಟು?”

“ಹಸಿರು ಗೇಟು.”

“ಅಯ್ಯೋ, ಅದು ಪಕ್ಕದ ತೋಟದ್ದು. ವಾಪಸ್ ಟಾರ್ ರೋಡಿಗೆ ಬನ್ನಿ. ಬಸ್ ಶೆಲ್ಟರ್ ದಾಟಿದ ಮೇಲೆ ಎಡಗಡೆ ಕಾಫಿ ಕಣ ಕಾಣ್ತದೆ, ಅಲ್ಲಿಂದ ಇಳಿಜಾರು…”

“ಹಲೋ? ಹಲೋ?”

ಅಷ್ಟರಲ್ಲಿ ಲೈನ್ ಕಟ್. ಕೊಡಗಿನಲ್ಲಿ ತೋಟದೊಳಗೆ ಮನೆ ಇರುವ ಯಾರಿಗೂ ಡೆಲಿವರಿ ಹುಡುಗನ ಜೊತೆಗಿನ ಈ ಮಾತುಕತೆ ಹೊಸದಲ್ಲ. ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ತರಕಾರಿ ಬರುತ್ತದೆ ಎನ್ನುವ ನೆಂಟರು ಇದನ್ನು ಕೇಳಿ ನಗುತ್ತಾರೆ, ನಗಲಿ. ಸಾಮಾನು ಕಳಿಸುವವರು ಮತ್ತು ತರಿಸಿಕೊಳ್ಳುವವರ ನಡುವೆ ಸ್ಮಾರ್ಟ್‌ಫೋನ್ ಬಂದು ಏನನ್ನು ಬದಲಾಯಿಸಿತು ಎಂದು ತಿಳಿಯಲು ನಮ್ಮಂಥ ಊರೇ ಒಳ್ಳೆಯದು. ಎಲ್ಲ ಸುಸೂತ್ರವಾಗಿ ನಡೆಯುವ ಕಡೆ ಫೋನ್ ಮಾಡುತ್ತಿರುವ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಗಡಿಯಾರ ನಿಂತಾಗ ತಾನೇ ಹಿಂದಿನ ಮುಚ್ಚಳ ಬಿಚ್ಚಿ ನೋಡುವುದು.

ಮೊದಲು ಹೇಗಿತ್ತು ನೆನಪಿಸಿಕೊಳ್ಳಿ. ಜಿಲ್ಲೆಗೆ ರೈಲಿಲ್ಲ. ಮೈಸೂರಿನಿಂದಲೋ ಮಂಗಳೂರಿನಿಂದಲೋ ಬಂದ ಕಟ್ಟು ಬಸ್ಸಿನಲ್ಲೇ ಬಂದು ಜಂಕ್ಷನ್ನಿನ ಅಂಗಡಿಯಲ್ಲಿ ಇಳಿಯುತ್ತಿತ್ತು. ಅಂಗಡಿಯವರಿಗೆ ಎಲ್ಲ ಗೊತ್ತು. ಯಾವ ಮನೆಗೆ ಯಾವ ದಾರಿ, ಯಾರು ಮಗಳ ಮನೆಗೆ ಹೋಗಿದ್ದಾರೆ, ಯಾರು ಕಾಫಿ ಮಾರಿದ ಮೇಲೆ ದುಡ್ಡು ಕೊಡುವವರು, ಯಾರಿಗೆ ಸಾಲ ಕೊಡಬಾರದು, ಎಲ್ಲ. ಕಟ್ಟು ಬಂದ ಸುದ್ದಿಯನ್ನು ಹಾಲು ಹಾಕಲು ಬಂದ ಹುಡುಗನ ಕೈಲಿ ಹೇಳಿ ಕಳಿಸುತ್ತಿದ್ದರು. ದಾರಿ, ಸುದ್ದಿ, ದುಡ್ಡು, ಸಾಕ್ಷಿ ಈ ನಾಲ್ಕೂ ಒಬ್ಬ ಮನುಷ್ಯನ ತಲೆಯಲ್ಲಿದ್ದವು. ಫೋನ್ ಬಂದು ಮಾಡಿದ್ದು ಆ ಒಬ್ಬ ಮನುಷ್ಯನನ್ನು ನಾಲ್ಕು ತುಂಡು ಮಾಡಿದ್ದು. ದಾರಿ ಉಪಗ್ರಹದ ಕೈಗೆ ಹೋಯಿತು, ಸುದ್ದಿ ವಾಟ್ಸ್‌ಆ್ಯಪ್‌ಗೆ, ದುಡ್ಡು ಯುಪಿಐಗೆ, ಸಾಕ್ಷಿ ಓಟಿಪಿಗೆ. ನಾಲ್ಕೂ ಓಡುವುದು ಬೇರೆ ಬೇರೆ ತಂತಿಗಳ ಮೇಲೆ. ಕೆಡುವುದೂ ಬೇರೆ ಬೇರೆ ಜಾಗದಲ್ಲಿ.

ದಾರಿಯಿಂದಲೇ ಶುರು ಮಾಡೋಣ, ಹೆಚ್ಚು ಬೈಗುಳ ತಿನ್ನುವುದು ಅದೇ. ಫೋನಿನ ಜಿಪಿಎಸ್‌ಗೆ ಮೊಬೈಲ್ ರೇಂಜ್ ಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಹೊತ್ತೆಷ್ಟು ಎಂದು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ ಫೋನ್ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಯಾವ ಉಪಗ್ರಹ ಈಗ ಎಲ್ಲಿದೆ ಎಂಬ ವಿವರ ಅದಕ್ಕೆ ಮೊದಲು ಸಿಗಬೇಕು. ಉಪಗ್ರಹ ಅದನ್ನು ಸೆಕೆಂಡಿಗೆ 50 ಬಿಟ್‌ನಂತೆ, ಬಸವನಹುಳುವಿನ ವೇಗದಲ್ಲಿ ಕಳಿಸುತ್ತದೆ. ಒಂದು ಸುತ್ತಿಗೆ 30 ಸೆಕೆಂಡು, ನಡುವೆ ದನಿ ಕಡಿದರೆ ಇನ್ನೊಂದು ಸುತ್ತು ಕಾಯಬೇಕು. ಪೇಟೆಯಲ್ಲಿ ಫೋನ್ ಈ ಕಷ್ಟ ಪಡುವುದೇ ಇಲ್ಲ. ಆ ವಿವರವನ್ನು ಇಂಟರ್ನೆಟ್‌ನಿಂದ ಕಣ್ಣುಮುಚ್ಚಿ ತೆರೆಯುವುದರೊಳಗೆ ತರಿಸಿಕೊಳ್ಳುತ್ತದೆ. ನಮ್ಮ ಕಡೆ ಡೆಲಿವರಿ ಹುಡುಗ ರೇಂಜ್ ಇಲ್ಲದ ತಿರುವಿನಲ್ಲಿ ಬೈಕ್ ನಿಲ್ಲಿಸಿ ಆ್ಯಪ್ ತೆರೆದರೆ ನೀಲಿ ಚುಕ್ಕೆ ಸುಮ್ಮನೆ ತಿರುಗುತ್ತಾ ಕೂರುವುದು ಇದಕ್ಕೇ. ಮೇಲೆ ಸಿಲ್ವರ್ ಓಕ್, ಅತ್ತಿ, ಬಳಂಜಿಯ ನೆರಳು, ಆಷಾಢದಲ್ಲಿ ಎಲೆಯೆಲ್ಲ ಒದ್ದೆ. ಉಪಗ್ರಹದ ಸಂಕೇತ ಮೊದಲೇ ಬಲು ಕ್ಷೀಣ; ಒದ್ದೆ ಎಲೆಯ ಚಪ್ಪರ ಅದನ್ನು ಇನ್ನೂ ಸೊರಗಿಸುತ್ತದೆ. ಬಯಲಿನಲ್ಲಿ ಐದು ಮೀಟರ್ ಆಸುಪಾಸು ಇರುವ ತಪ್ಪು ಮರದಡಿ ಹತ್ತಿಪ್ಪತ್ತು ಮೀಟರಿಗೆ ಏರುತ್ತದೆ.

ಇಪ್ಪತ್ತು ಮೀಟರ್ ಏನು ಮಹಾ ಎನ್ನಬಹುದು. ಮಡಿಕೇರಿ ಪೇಟೆಯಲ್ಲಿ ಮಹಾ ಅಲ್ಲ. ಆದರೆ ಆ ಇಪ್ಪತ್ತು ಮೀಟರಿನ ನಡುವೆ ಒಂದು ತೋಡು ಹರಿಯುತ್ತಿದ್ದರೆ? ಪಿನ್ ತೋಡಿನ ಆಚೆ ದಡಕ್ಕೆ ಬಿದ್ದರೆ ನಕ್ಷೆ ಆಚೆ ದಡದ ರಸ್ತೆಯನ್ನೇ ತೋರಿಸುತ್ತದೆ. ಕೂಗಿದರೆ ಕೇಳಿಸುವಷ್ಟು ಹತ್ತಿರದ ಮನೆಗೆ ಬೈಕಿನವನು ಆರು ಕಿ.ಮೀ. ಸುತ್ತು ಹಾಕಿ ಬರುತ್ತಾನೆ. ಇನ್ನು ತೋಟದ ಒಳದಾರಿಗಳು. ನಕ್ಷೆಗೆ ಅದೂ ಒಂದು ರಸ್ತೆಯೇ. ಅಲ್ಲಿ ಗೇಟಿದೆ, ಗೇಟಿಗೆ ಬೀಗವಿದೆ, ಬೀಗದಾಚೆ ನಾಯಿಯಿದೆ ಎಂಬುದು ಅದಕ್ಕೆ ತಿಳಿಯದು.

ಮನೆಯೊಳಗೆ ಕುಳಿತು “ಲೊಕೇಶನ್ ಕಳಿಸಿದ್ದೇನೆ” ಎನ್ನುವವರದ್ದೂ ಇದರಲ್ಲಿ ಪಾಲಿದೆ. ಹಂಚಿನ ಕೆಳಗೆ ಉಪಗ್ರಹ ಸರಿಯಾಗಿ ಸಿಗದಿದ್ದಾಗ ಫೋನ್ ಹತ್ತಿರದ ಟವರನ್ನೋ ವೈಫೈಯನ್ನೋ ನೋಡಿ ಅಂದಾಜು ಕಟ್ಟುತ್ತದೆ. ಟವರ್ ನೋಡಿ ಕಟ್ಟಿದ ಅಂದಾಜು ನಮ್ಮ ಗುಡ್ಡಗಳಲ್ಲಿ ಕಿಲೋಮೀಟರ್‌ಗಟ್ಟಲೆ ತಪ್ಪಬಹುದು. ನಾನು ಕಂಡುಕೊಂಡ ಉಪಾಯ ಇಷ್ಟೇ: ಕಣದ ನಡುವೆ ಹೋಗಿ ನಿಲ್ಲಿ. ತೋಟದಲ್ಲಿ ತಲೆಯ ಮೇಲೆ ಆಕಾಶ ಪೂರ್ತಿ ಕಾಣುವ ಜಾಗ ಕಾಫಿ ಒಣಗಿಸುವ ಕಣ ಒಂದೇ. ಅರ್ಧ ನಿಮಿಷ ನಿಂತು, ನೀಲಿ ಚುಕ್ಕೆಯ ಸುತ್ತಲಿನ ವೃತ್ತ ಸಣ್ಣದಾದ ಮೇಲೆ ಕಳಿಸಿ. ಇನ್ನೂ ಒಳ್ಳೆಯದು, ಮನೆಯ ಪಿನ್ ಬಿಟ್ಟು ಟಾರ್ ರೋಡಿನ ನಿಮ್ಮ ಗೇಟಿನ ಪಿನ್ ಕಳಿಸಿ. ಬರುವವರಿಗೆ ಬೇಕಾದದ್ದು ಅದು.

ವಿಳಾಸದ ಕಥೆಯೂ ಇಲ್ಲೇ ಬಂತು. 1972ರಲ್ಲಿ ಬಂದ ಪಿನ್ ಕೋಡ್ ಅಂಚೆ ಬೇರ್ಪಡಿಸುವವರ ಅನುಕೂಲಕ್ಕೆ ಆದದ್ದು. 571 ಎಂದ ಕೂಡಲೇ ಕಟ್ಟು ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗಿನ ಕಡೆಗೆ; 571201 ಎಂದರೆ ಮಡಿಕೇರಿ. ಅಲ್ಲಿಂದ ಮುಂದೆ ಪೋಸ್ಟ್‌ಮ್ಯಾನ್ ನೋಡಿಕೊಳ್ಳುತ್ತಾರೆ ಎಂಬ ಭರವಸೆಯ ಮೇಲೆ ಇಡೀ ಪದ್ಧತಿ ನಿಂತಿದೆ. ಇಲ್ಲಿ ಡೋರ್ ನಂಬರಿಗಿಂತ ಮನೆತನದ ಹೆಸರು ಹೇಳಿದರೆ ಬೇಗ ದಾರಿ ಸಿಗುತ್ತದೆ. ಆದರೆ ಒಂದೇ ಮನೆತನದ ಹೆಸರಿನ ಐದಾರು ಮನೆ ಒಂದೇ ಊರಿನಲ್ಲಿರುತ್ತವೆ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬುದನ್ನು ತಂದಿತು. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಒಂದು ಗುರುತು. ಇದರಲ್ಲಿ ನಮಗೆ ಉಪಯೋಗದ ಸಂಗತಿ ಎಂದರೆ ಅದನ್ನು ಕಾಗದದ ಮೇಲೆ ಬರೆಯಬಹುದು, ಗೇಟಿಗೆ ಪೇಂಟಿನಲ್ಲೂ ಬರೆಸಬಹುದು. ಲಿಂಕ್ ತೆರೆಯಲು ರೇಂಜ್ ಬೇಕು, ಪೇಂಟಿಗೆ ಬೇಡ.

ಕಂಪನಿಗಳು ಇಷ್ಟು ಕಷ್ಟ ಯಾಕೆ ಪಡಬೇಕು ಎಂಬ ಪ್ರಶ್ನೆಗೆ ಲೆಕ್ಕದ ಉತ್ತರ ಒಂದಿದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ವಿಸ್ತೀರ್ಣ 4,102 ಚದರ ಕಿ.ಮೀ. ಅಂದರೆ ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಹತ್ತಿ ಇಳಿಯುವುದರೊಳಗೆ ಖಾಲಿಯಾಗುವ ಚೀಲ ಇಲ್ಲಿ ಅರ್ಧ ದಿನದ ಪೆಟ್ರೋಲ್ ಕುಡಿಯುತ್ತದೆ. ಹೀಗಾಗಿ ಕೊಡಗಿನ ಬಹುಪಾಲು ಹಳ್ಳಿಗಳಲ್ಲಿ ಫೋನ್ ಸಾಮಾನನ್ನು ಮನೆ ಬಾಗಿಲಿಗೆ ತರಲಿಲ್ಲ. ಎಲ್ಲಿ ಭೇಟಿಯಾಗೋಣ ಎಂದು ಇಬ್ಬರೂ ಚೌಕಾಸಿ ಮಾಡುವುದನ್ನು ಸಾಧ್ಯ ಮಾಡಿತು. “ನೀವು ಜಂಕ್ಷನ್‌ಗೆ ಬನ್ನಿ”, “ಇಲ್ಲ, ಶಾಲೆ ತನಕ ಬನ್ನಿ, ನಾನು ಜೀಪಲ್ಲಿ ಬರ್ತೇನೆ.” ಆ್ಯಪಿನ ಯಾವ ಪರದೆಯಲ್ಲೂ ಈ ಚೌಕಾಸಿಗೆ ಜಾಗವಿಲ್ಲ.

ಜಾಗವಿಲ್ಲದ್ದರಿಂದ ಏನಾಗುತ್ತದೆ ಎನ್ನುವುದಕ್ಕೆ ನನ್ನದೇ ಒಂದು ಪ್ರಸಂಗ. ಜುಲೈ ತಿಂಗಳು, ಮಿಕ್ಸಿ ಜಾರ್ ಒಂದು ಬರಬೇಕಿತ್ತು. ಕೊರಿಯರ್ ಹುಡುಗ ಪಾಪ, ರೈನ್‌ಕೋಟಿನಿಂದ ನೀರು ಸುರಿಸುತ್ತಾ ಜಗಲಿಯ ತನಕ ಬಂದ. ಓಟಿಪಿ ಕೇಳಿದ. ನಮ್ಮ ಮನೆಯಲ್ಲಿ ಫೈಬರ್ ಇಂಟರ್ನೆಟ್ ಉಂಟು, ಮೊಬೈಲ್ ರೇಂಜ್ ಇಲ್ಲ. ವಾಟ್ಸ್‌ಆ್ಯಪ್ ಕಾಲ್ ಬರುತ್ತದೆ, ವಿಡಿಯೋ ಓಡುತ್ತದೆ, ಓಟಿಪಿ ಮಾತ್ರ ಬರುವುದಿಲ್ಲ. ಯಾಕೆಂದರೆ ಎಸ್‌ಎಂಎಸ್ ಇಂಟರ್ನೆಟ್ ಮೇಲೆ ಬರುವ ವಸ್ತುವಲ್ಲ. ಟವರ್ ಮತ್ತು ಸಿಮ್ ನಡುವಿನ ಮಾತು ಅದು. ಕೆಲವು ಕಂಪನಿಯ ಸಿಮ್‌ಗಳಲ್ಲಿ ವೈಫೈ ಕಾಲಿಂಗ್ ಎಂಬ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿದರೆ ಕರೆ ಮನೆಯ ವೈಫೈ ಮೂಲಕ ಬರುತ್ತದೆ, ಸಾಮಾನ್ಯವಾಗಿ ಎಸ್‌ಎಂಎಸ್ ಕೂಡ. ಅದು ನನಗೆ ಆಮೇಲೆ ತಿಳಿಯಿತು. ಅವತ್ತು ಕೊಡೆ ಹಿಡಿದು ಕಣದ ಮೂಲೆಗೆ, ರೇಂಜ್ ಸಿಗುವ ಕಲ್ಲಿನ ಹತ್ತಿರ ಓಡಿದೆ. ಓಟಿಪಿ ಒಂದರ ಹಿಂದೆ ಒಂದು ಮೂರು ಬಂದವು. ಯಾವುದು ಹೊಸದು ಎಂದು ನೋಡಿಕೊಂಡು ಕೆಳಗಿಳಿಯುವುದರೊಳಗೆ ಅವಧಿ ಮುಗಿದಿತ್ತು.

ಅಮ್ಮ ಅವನಿಗೆ ಕಾಫಿ ಕೊಟ್ಟಿದ್ದರು. ನಾನೂ ಲೋಟ ಹಿಡಿದು ಕೂತೆ. ಅವನು ಫೋನ್ ನನ್ನ ಕಡೆ ತಿರುಗಿಸಿ ತೋರಿಸಿದ. ಅವನಿಗಿದ್ದ ಗುಂಡಿಗಳು ಮೂರು: ಕೊಟ್ಟಾಯಿತು, ಗ್ರಾಹಕರು ಬೇಡ ಎಂದರು, ಗ್ರಾಹಕರು ಸಿಗಲಿಲ್ಲ. ರೇಂಜ್ ಇಲ್ಲ ಎಂಬ ಗುಂಡಿ ಇಲ್ಲ. ಅವನು ಮೂರನೆಯದನ್ನು ಒತ್ತಿದ. ಸಂಜೆ ನನಗೆ ಮೆಸೇಜ್ ಬಂತು, “ನೀವು ಲಭ್ಯವಿರಲಿಲ್ಲ.” ಅವನು ಆ ಗುಂಡಿ ಒತ್ತಿದ ಹೊತ್ತಿಗೆ ನಾನೂ ಅವನೂ ಒಂದೇ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಎಲ್ಲೋ ಕುಳಿತು ಗುಂಡಿಗಳನ್ನು ಬರೆದವರು ಯಾರೋ ಅವರೇ ಏನು ನಡೆಯಿತು ಎಂಬುದನ್ನೂ ಬರೆದಿಡುತ್ತಾರೆ. ಕೊಟ್ಟವರಿಗೂ ಪಡೆದವರಿಗೂ ಅದರಲ್ಲಿ ಮಾತಿಲ್ಲ.

ಟ್ರ್ಯಾಕಿಂಗ್ ಬಗ್ಗೆಯೂ ಒಂದು ಮಾತು. ಪಾರ್ಸೆಲ್ಲಿನೊಳಗೆ ಯಾವ ಯಂತ್ರವೂ ಇಲ್ಲ. ಪ್ರತಿ ಗೋಡೌನಿನಲ್ಲಿ ಯಾರಾದರೂ ಬಾರ್‌ಕೋಡಿಗೆ ಸ್ಕ್ಯಾನರ್ ತೋರಿಸಿದಾಗ ಒಂದು ಸಾಲು ಮೂಡುತ್ತದೆ, ಅಷ್ಟೇ. ನೀವು ನೋಡುವುದು ಪಾರ್ಸೆಲ್ ಈಗ ಎಲ್ಲಿದೆ ಎಂಬುದನ್ನಲ್ಲ, ಕೊನೆಯ ಸಲ ಯಾರು ಅದನ್ನು ಮುಟ್ಟಿದರು ಎಂಬುದನ್ನು. ಕುಶಾಲನಗರದಲ್ಲಿ ಬೆಳಿಗ್ಗೆ ಸ್ಕ್ಯಾನ್ ಆದದ್ದು ಸಂಜೆಯವರೆಗೂ “ಡೆಲಿವರಿಗೆ ಹೊರಟಿದೆ” ಎಂದೇ ತೋರಿಸುವುದರಲ್ಲಿ ಮೋಸವಿಲ್ಲ.

ದೊಡ್ಡ ಕಂಪನಿಗಳ ಮಾತು ಇಷ್ಟಾಯಿತು. ಫೋನನ್ನು ನಿಜಕ್ಕೂ ಪಳಗಿಸಿಕೊಂಡವರನ್ನು ನೋಡಬೇಕಾದರೆ ನಮ್ಮ ಮೀನಿನ ಕಾಕಾನನ್ನು ನೋಡಬೇಕು. ಹಿಂದೆ ಅವನ ಸ್ಕೂಟರಿನ ಹಾರ್ನ್ ಕೇಳಿಸಿದಾಗ ಪಾತ್ರೆ ಹಿಡಿದು ಗೇಟಿಗೆ ಓಡುತ್ತಿದ್ದೆವು; ತಡವಾದರೆ ಅವನು ಮುಂದಿನ ತಿರುವು ದಾಟಿರುತ್ತಿದ್ದ. ಈಗ ಬೆಳಿಗ್ಗೆ ಏಳಕ್ಕೆ ವಾಯ್ಸ್ ಮೆಸೇಜ್: “ಮತ್ತಿ ಉಂಟು, ಅಯಿಲೆ ಉಂಟು, ಸಿಗಡಿ ಸ್ವಲ್ಪ. ಬೇಕಾದವರು ಎಂಟರೊಳಗೆ ಹೇಳಿ.” ಅವನು ಗ್ರೂಪ್ ಮಾಡಿಲ್ಲ, ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದ್ದಾನೆ. ಎರಡಕ್ಕೂ ಇರುವ ವ್ಯತ್ಯಾಸ ವ್ಯಾಪಾರ ತಿಳಿದವರಿಗೇ ಹೊಳೆಯುವಂಥದ್ದು. ಗ್ರೂಪಿನಲ್ಲಿ ಒಬ್ಬರು ಕೇಳಿದ ರೇಟು ಎಲ್ಲರಿಗೂ ಕಾಣುತ್ತದೆ, ಹತ್ತು ಮನೆಯವರು ಸೇರಿ ಚೌಕಾಸಿಗೆ ಇಳಿಯುತ್ತಾರೆ. ಬ್ರಾಡ್‌ಕಾಸ್ಟ್‌ನಲ್ಲಿ ಒಂದೇ ಮೆಸೇಜು ಪ್ರತಿಯೊಬ್ಬರಿಗೂ ಗುಟ್ಟಾಗಿ ಬಂದಂತೆ ಬರುತ್ತದೆ. ಒಂದು ಪಟ್ಟಿಗೆ 256 ಜನ, ಅದೂ ಅವನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. “ನಂಬರ್ ಸೇವ್ ಮಾಡಿ ಅಕ್ಕ” ಎಂದು ಮನೆಮನೆಗೆ ಅವನು ಹೇಳಿದ್ದು ಅದಕ್ಕೆ.

ಇದರಿಂದ ಅವನಿಗೆ ಆದ ದೊಡ್ಡ ಲಾಭ ಅಂದಾಜು ತಪ್ಪುವುದು ಕಡಿಮೆಯಾದದ್ದು. ಮೀನು ಸಂಜೆಯ ತನಕ ಕಾಯುವ ಸರಕಲ್ಲ. ಯಾರಿಗೆ ಎಷ್ಟು ಬೇಕೆಂದು ಹೊರಡುವ ಮೊದಲೇ ಗೊತ್ತಿದ್ದರೆ ಐಸಿನ ಖರ್ಚೂ ಉಳಿಯಿತು, ಕೊನೆಗೆ ಉಳಿದದ್ದನ್ನು ಸಿಕ್ಕಿದ ರೇಟಿಗೆ ಕೊಡುವ ಸಂಕಟವೂ ತಪ್ಪಿತು. ಆದರೆ ರೇಂಜ್ ಇಲ್ಲದ ಮನೆಗಳ ಆರ್ಡರ್ ತಡವಾಗಿ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಅವನ ಮೆಸೇಜಿನ ಪಕ್ಕ ಒಂದೇ ಬೂದು ಗೀಟು. ಒಂದು ಗೀಟು ಎಂದರೆ ಮೆಸೇಜು ವಾಟ್ಸ್‌ಆ್ಯಪಿನ ಸರ್ವರಿನಲ್ಲಿ ಕೂತಿದೆ, ನಿಮ್ಮ ಫೋನ್ ಎಚ್ಚರಾಗುವುದನ್ನು 30 ದಿನದವರೆಗೆ ಕಾಯುತ್ತದೆ. ಎರಡು ಗೀಟು ಎಂದರೆ ಫೋನಿಗೆ ಮುಟ್ಟಿತು. ನೀಲಿಯಾದರೆ ನೋಡಿದಿರಿ. ನೋಡಿಯೂ ಉತ್ತರಿಸದಿದ್ದರೆ ಮರುದಿನ ಕಾಕಾನ ಮುಖ ದಪ್ಪ. ಹಾರ್ನಿಗೆ ಉತ್ತರ ಕೊಡಬೇಕಾದ ದಾಕ್ಷಿಣ್ಯ ಯಾರಿಗೂ ಇರಲಿಲ್ಲ. ಹಾಗೆಂದು ಹಾರ್ನ್ ಹೋಗಿಲ್ಲ. ತೋಟದ ಕೆಲಸದವರಿರುವ ಲೈನ್ ಮನೆಗಳ ಹತ್ತಿರ ಅವನು ಇವತ್ತಿಗೂ ಹಾರ್ನ್ ಹೊಡೆಯುತ್ತಾನೆ. ಸೀಸನ್ನಿಗೆ ಬಂದು ಹೋಗುವ ಕೆಲಸದವರ ನಂಬರ್ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ದುಡ್ಡಿನ ವಿಷಯ. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರುವಾಯಿತು, ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ನವೆಂಬರ್ 8ಕ್ಕೆ ನೋಟು ಬಂದ್. ಮೂರೂ ಒಂದೇ ವರ್ಷದಲ್ಲಿ. ದುಡ್ಡು ಬಂತೆಂದು ಕೂಗಿ ಹೇಳುವ ಅಂಗಡಿಯ ಸೌಂಡ್‌ಬಾಕ್ಸ್ ನಿಮ್ಮ ಫೋನಿನಿಂದ ಕೇಳಿಸಿಕೊಂಡು ಹೇಳುವುದಲ್ಲ, ಅದರೊಳಗೆ ಅದರದ್ದೇ ಸಿಮ್ ಇದೆ. ದುಡ್ಡು ಬಂದ ಸುದ್ದಿ ಸರ್ವರಿನಿಂದ ನೇರ ಅದಕ್ಕೆ ಬರುತ್ತದೆ. ಅದಕ್ಕೇ ಅದನ್ನು ನಂಬಬಹುದು. ಗ್ರಾಹಕರು ತೋರಿಸುವ ಹಸಿರು ಪರದೆಯನ್ನು ಹಾಗೆ ನಂಬಲಾಗದು, ಹಳೆಯ ಸ್ಕ್ರೀನ್‌ಶಾಟ್ ಕೂಡ ಹಸಿರಾಗೇ ಇರುತ್ತದೆ. ಕಾಕಾ ನಮ್ಮ ಗೇಟಿನಲ್ಲಿ ಕೇಳುವುದು 12 ಅಂಕಿಯ ಯುಪಿಐ ನಂಬರಿನ ಕೊನೆಯ ನಾಲ್ಕು. ಮೇಲಿನ ತಿರುವಿನಲ್ಲಿ ರೇಂಜ್ ಸಿಕ್ಕಾಗ ತಾಳೆ ನೋಡುತ್ತಾನೆ. ಖಾತೆಯಿಂದ ಹೋಗಿ ಅಂಗಡಿಗೆ ಮುಟ್ಟದಿದ್ದ ದುಡ್ಡಿಗೂ ನಿಯಮವಿದೆ: ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗಾದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಲೆಕ್ಕದ ಪುಸ್ತಕದ ಬದಲು ಬಂದ ಆ್ಯಪ್‌ಗಳ ಮೇಲೆ ನನಗೆ ಅಷ್ಟು ಒಲವಿಲ್ಲ. ಕಾಫಿ ಮಾರಿ ದುಡ್ಡು ಕೈಗೆ ಬರುವುದು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಪುಸ್ತಕದಲ್ಲಿ ಬರೆಸುವುದು ನಡೆದುಬಂದ ರೂಢಿ, ಅಂಗಡಿಯವರು ಬಾಯಿಬಿಟ್ಟು ಕೇಳುವವರಲ್ಲ. ಆ್ಯಪ್ ಮಾತ್ರ ತಿಂಗಳ ಒಂದನೇ ತಾರೀಕಿಗೆ “ನಿಮ್ಮ ಬಾಕಿ ಇಷ್ಟು” ಎಂದು ಅವರ ಹೆಸರಿನಲ್ಲೇ ಮೆಸೇಜ್ ಹಾಕಿಬಿಡುತ್ತದೆ. ಅದನ್ನು ನೋಡಿ ಒಬ್ಬರು ಹಿರಿಯರು ಅಷ್ಟೂ ಬಾಕಿ ಒಂದೇ ಸಲ ಕಟ್ಟಿ, ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಂಗಡಿಯವರಿಗೆ ಮೆಸೇಜ್ ಹೋದದ್ದೇ ಗೊತ್ತಿರಲಿಲ್ಲ.

ಅಂಗಡಿಯವರೂ ಇನ್ನೊಬ್ಬರ ಗ್ರಾಹಕರೇ. ಮೈಸೂರಿನ ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮನ್ ವಾರಕ್ಕೊಮ್ಮೆ ಬೀಟಿಗೆ ಬಂದು ಪುಸ್ತಕದಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದರು. ಈಗ ಆರ್ಡರನ್ನು ಅಂಗಡಿಯವರೇ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹಾಕಬಹುದು, ಸ್ಕೀಮ್ ಏನಿದೆ ನೋಡಬಹುದು. ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಮೆತ್ತಗಾದ ಬಿಸ್ಕತ್ತು, ಬೂಸ್ಟು ಹಿಡಿದ ಪ್ಯಾಕೆಟ್ ವಾಪಸ್ ತೆಗೆದುಕೊಳ್ಳಲು ಒಪ್ಪುತ್ತಿದ್ದದ್ದು ಕಣ್ಣಾರೆ ನೋಡಿದ ಆ ಸೇಲ್ಸ್‌ಮನ್. ಆ್ಯಪಿಗೆ ಫೋಟೋ ಹಾಕಿದರೆ “ಪರಿಶೀಲನೆಯಲ್ಲಿದೆ.” ಇನ್ನೊಂದು, 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಎಂಬ ಸಾಗಾಟದ ಆನ್‌ಲೈನ್ ಚೀಟಿ ಬೇಕು, ಅದರ ಆಯುಷ್ಯ 200 ಕಿ.ಮೀ.ಗೆ ಒಂದು ದಿನ. ಮಂಗಳೂರಿನಿಂದ ಮಡಿಕೇರಿಗೆ ಒಂದೇ ದಿನದ ಬಿಲ್ಲು. ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದು ಲಾರಿ ನಿಂತರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡವೇ ಇಳಿದುಬಂದದ್ದನ್ನು ಕಂಡವರಿಗೆ ಈ ಎಂಟು ಗಂಟೆಯ ಲೆಕ್ಕ ಕೇಳಿ ನಗು ಬರಬಹುದು.

ನಾವೂ ಕಳಿಸುವವರೇ. ಕಾಫಿ ಪುಡಿ, ಕರಿಮೆಣಸು, ಜೇನು ಬೆಂಗಳೂರು, ಪುಣೆಗೆ ಹೋಗುತ್ತವೆ. ಹೊಸದಾಗಿ ಶುರು ಮಾಡಿದವರು ಮುಗ್ಗರಿಸುವುದು ತೂಕದಲ್ಲಿ. ಬಹಳಷ್ಟು ಕೊರಿಯರ್‌ಗಳು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. ಬಂದ ಅಂಕಿ ನಿಜವಾದ ಕಿಲೋ ತೂಕಕ್ಕಿಂತ ಹೆಚ್ಚಿದ್ದರೆ ದುಡ್ಡು ಅದಕ್ಕೇ. ಜೇನಿನ ಬಾಟಲಿ ಒಡೆಯಬಾರದೆಂದು 30, 30, 20ರ ಡಬ್ಬದಲ್ಲಿ ಇಟ್ಟರೆ ಒಳಗೆ ಒಂದು ಕಿಲೋ ಇದ್ದರೂ 3.6 ಕಿಲೋದ ಬಿಲ್ಲು. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಸರ್ಟಿಫಿಕೇಟು ಸಿಕ್ಕಿದೆ, ಆದರೂ ಕೊಳ್ಳುವವರು ಕೇಳುವುದು ವಿಡಿಯೋ. “ನಿಮ್ಮ ತೋಟ ತೋರಿಸಿ” ಎನ್ನುತ್ತಾರೆ. ಕಣದಲ್ಲಿ ಒಣಗುವ ಕಾಫಿಯನ್ನು ಫೋನಿನಲ್ಲಿ ತೋರಿಸಿ ಮಾರುವ ಹೆಂಗಸರು ನನಗೆ ಗೊತ್ತು. ಸರ್ಟಿಫಿಕೇಟಿಗಿಂತ ಹಿನ್ನೆಲೆಯಲ್ಲಿ ಕೂಗುವ ನವಿಲು ಹೆಚ್ಚು ವ್ಯಾಪಾರ ತಂದಿದೆ ಎಂದು ಒಬ್ಬರು ಹೇಳಿದರು.

ದೂರು ಕೊಡಬೇಕೆಂದಾಗ ಚಾಟ್‌ಬಾಟಿನ ಜೊತೆ ಜಗಳ ಆಡುತ್ತಾ ಕೂರಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ದೂರು ಅಧಿಕಾರಿ ಇರಬೇಕು, 48 ಗಂಟೆಯೊಳಗೆ ದೂರು ಬಂತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬೈಕಿನ ಹುಡುಗನಿಗೆ ಒಂದು ಸ್ಟಾರ್ ಕೊಡುವುದರಿಂದ ನಕ್ಷೆ ಸರಿಯಾಗುವುದಿಲ್ಲ. ಅಂಥವರ ಸಾಮಾಜಿಕ ಭದ್ರತೆಗೆಂದು 2025ರಲ್ಲಿ ರಾಜ್ಯ ಗಿಗ್ ಕಾರ್ಮಿಕರ ಕಾನೂನು ತಂದಿದೆ, ಆದರೆ ಮೂರು ಗುಂಡಿಗಳಿಗೆ ನಾಲ್ಕನೆಯದು ಸೇರಿದ್ದನ್ನು ನಾನಿನ್ನೂ ನೋಡಿಲ್ಲ.

ಜಂಕ್ಷನ್ನಿನ ಅಂಗಡಿ ಮತ್ತೆ ತುಂಬಿದೆ. ಕೊರಿಯರ್‌ನವರೆಲ್ಲ ಅಲ್ಲೇ ಇಳಿಸುತ್ತಾರೆ, ಅಂಗಡಿಯ ಅಣ್ಣ ಒಂದೊಂದರ ಫೋಟೋ ತೆಗೆದು ಅವರವರಿಗೆ ಕಳಿಸುತ್ತಾರೆ, ಓಟಿಪಿಯನ್ನು ನಾವೇ ಅವರಿಗೆ ಕಳಿಸುತ್ತೇವೆ. ಗ್ರಾಹಕರ ಕೈಗೇ ಮುಟ್ಟಿತು ಎಂಬುದಕ್ಕೆ ಸಾಕ್ಷಿಯಾಗಲಿ ಎಂದು ಮಾಡಿದ ಅಂಕಿ ಅಂಗಡಿಯ ಕಪಾಟಿಗೆ ಮುಟ್ಟಿತು ಎಂಬುದಕ್ಕೆ ಸಾಕ್ಷಿ. ಮೊನ್ನೆ ಸಂಜೆ ಐದಕ್ಕೆ ನನ್ನದನ್ನು ತರಲು ಹೋದಾಗ ಇನ್ನೆರಡು ಡಬ್ಬ ಕೈಗಿಟ್ಟರು.

“ಇದು ನಿಮ್ಮ ಕೆಳಗಿನ ಮನೆಯವರದ್ದು. ಹೋಗುವಾಗ ಕೊಟ್ಟುಬಿಡಿ, ಅವರಿಗೆ ರೇಂಜ್ ಇಲ್ಲ.”

“ಓಟಿಪಿ?”

“ಅದೆಲ್ಲ ಆಗಿದೆ.”

ಕೆಳಗಿನ ಮನೆಯವರು ಬಾಗಿಲು ತೆರೆದು, ಡಬ್ಬ ತೆಗೆದುಕೊಂಡು, ವೈಫೈಯಲ್ಲಿ ಆ್ಯಪ್ ತೆರೆದು ತೋರಿಸಿದರು. ಮಧ್ಯಾಹ್ನ 12.10ಕ್ಕೇ ಅವರಿಗೆ ಅದು ತಲುಪಿತ್ತು.